ಗರ್ಭನಿರೋಧ ಬೇರೆ, ಸೋಂಕಿನ ತಡೆ ಬೇರೆ



ಮಧುಮೇಹ, ಸಂಧಿವಾತ, ಅಜೀರ್ಣ ಮೊದಲಾದವುಗಳ ಕುರಿತು ಈ ಪುಟದಲ್ಲಿ ಓದುತ್ತ ಬಂದವರಿಗೆ ಈ ತಿಂಗಳ ವಿಷಯ ಕೊಂಚ ಸಂಕೋಚವನ್ನು ತಂದೀತು. ನಮ್ಮ ಭಾಗದ ಹೆಣ್ಣುಮಕ್ಕಳು ಹಡೆದ ತಾಯಿಯ ಮುಂದೆಯೂ ಹೇಳಿಕೊಳ್ಳಲು ಹಿಂಜರಿಯುವ ಬಿಳಿಸೆರಗು, ಜನನಮಾರ್ಗದ ಸೋಂಕು, ಆ ಸೋಂಕಿಗೂ ಕುಟುಂಬ ಯೋಜನೆಯ ಸಾಧನಗಳಿಗೂ ಇರುವ ಸಂಬಂಧ, ಇವೇ ಇಲ್ಲಿಯ ವಿಷಯ. ಮಠದ ಪತ್ರಿಕೆಯಲ್ಲಿ ಇದೇಕೆ ಎಂದು ಕೇಳುವವರೂ ಇರಬಹುದು. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದಾಗ ಅವುಗಳಲ್ಲಿ ರಜಸ್ಸೂತಕವೂ ಸೇರಿತ್ತು. ಹೆಣ್ಣಿನ ದೇಹಧರ್ಮವು ಮೈಲಿಗೆಯಲ್ಲವೆಂದು ಒಪ್ಪಿಕೊಂಡ ಪರಂಪರೆಯವರಾದ ನಾವು, ಆ ದೇಹಕ್ಕೆ ಬಂದ ವ್ಯಾಧಿಯ ಕುರಿತು ಮಾತನಾಡಲು ನಾಚಬೇಕಾದ ಕಾರಣವಿಲ್ಲ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಲಿನ ಹಳ್ಳಿಗಳಿಂದ ಚಿಕಿತ್ಸೆಗೆ ಬರುವ ತಾಯಂದಿರಲ್ಲಿ ಅನೇಕರು ಮೊದಲು ಹೇಳುವುದು ಬೇರೆಯೇ ತೊಂದರೆಯನ್ನು. “ನಡಾ ಹಿಡಕೊಂಡೈತ್ರೀ, ಕೈಕಾಲು ಸೋತು ಹೋಗ್ಯಾವ್ರೀ” ಎನ್ನುತ್ತಾರೆ. ಔಷಧಿ ಬರೆಸಿಕೊಂಡು ಏಳುವ ಹೊತ್ತಿಗೆ, ಜೊತೆಗೆ ಬಂದವರು ಹೊರಗೆ ಹೋಗಿದ್ದರೆ ಮಾತ್ರ, “ಮತ್ತ ಬಿಳಿ ಹೊಕ್ಕೈತ್ರೀ” ಎಂಬ ಮಾತು ಹೊರಬೀಳುತ್ತದೆ. ಎಷ್ಟು ದಿನದಿಂದ ಎಂದು ಕೇಳಿದರೆ ಉತ್ತರ ದಿನಗಳಲ್ಲಿರುವುದಿಲ್ಲ, ವರ್ಷಗಳಲ್ಲಿರುತ್ತದೆ. ಈ ವರ್ಷಗಟ್ಟಲೆಯ ಮೌನವೇ ಸಣ್ಣ ಸೋಂಕನ್ನು ದೊಡ್ಡ ರೋಗವನ್ನಾಗಿ ಮಾಡುತ್ತದೆ.

ಇದು ನಮ್ಮ ಜಿಲ್ಲೆಗಷ್ಟೇ ಸೀಮಿತವಾದ ಸ್ಥಿತಿಯಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತು ಸಂಗಡಿಗರು ಎರಡು ಹಳ್ಳಿಗಳ 650 ಮಹಿಳೆಯರನ್ನು ಪರೀಕ್ಷಿಸಿ 1989ರಲ್ಲಿ ವರದಿ ಪ್ರಕಟಿಸಿದರು. ನೂರಕ್ಕೆ 92 ಮಂದಿಯಲ್ಲಿ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಆದರೆ ಅದಕ್ಕೆ ಮುನ್ನ ಎಂದಾದರೂ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ 8 ಮಂದಿ ಮಾತ್ರ. 1990ರ ದಶಕದಲ್ಲಿ ನಮ್ಮ ಕರ್ನಾಟಕದಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಮಾತನಾಡಿಸಿ ನಡೆಸಿದ ಅಧ್ಯಯನದಲ್ಲಿ, ಸುಮಾರು ಮೂರನೆಯ ಒಂದು ಭಾಗದವರು ಇಂಥ ಒಂದಾದರೂ ಲಕ್ಷಣವನ್ನು ಹೇಳಿಕೊಂಡರು. ಅಂದಮೇಲೆ ಇದು ಯಾರೋ ಒಬ್ಬಿಬ್ಬರ ತೊಂದರೆಯಲ್ಲ, ಪ್ರತಿಯೊಂದು ಓಣಿಯ, ಪ್ರತಿಯೊಂದು ಮನೆಯ ತೊಂದರೆ.

ಯಾವುದು ಸಹಜ, ಯಾವುದು ರೋಗ?

ಮೊದಲು ಒಂದು ಸಮಾಧಾನದ ಮಾತು. ಬಿಳಿ ಸ್ರಾವವೆಲ್ಲ ರೋಗವಲ್ಲ. ಋತುಚಕ್ರದ ನಡುವೆ, ಗರ್ಭಿಣಿಯಾಗಿದ್ದಾಗ, ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ ಬಣ್ಣವಿಲ್ಲದ ಅಥವಾ ತಿಳಿಬಿಳಿಯ, ನಾತವಿಲ್ಲದ, ತುರಿಕೆಯಿಲ್ಲದ ಸ್ರಾವವಾಗುವುದು ಸಹಜ. ಯೋನಿಯೊಳಗೆ ನಮ್ಮ ಹಿತಕ್ಕಾಗಿಯೇ ನೆಲೆಸಿರುವ ಸೂಕ್ಷ್ಮಜೀವಿಗಳಿವೆ. ಅವು ಅಲ್ಲಿ ತುಸು ಹುಳಿಯ ಗುಣವನ್ನು ಕಾಪಾಡಿ ಹೊರಗಿನ ರೋಗಾಣುಗಳನ್ನು ತಡೆಯುತ್ತವೆ; ಹಾಲು ಮೊಸರಾಗಲು ಕಾರಣವಾಗುವ ಜೀವಿಗಳ ಬಂಧುಗಳೇ ಅವು. “ಮೈಯೊಳಗಿನ ಧಾತು ಕರಗಿ ಹೋಗುತ್ತದೆ, ಎಲುಬು ಸವೆಯುತ್ತದೆ” ಎಂಬ ಭಯವು ಸಹಜ ಸ್ರಾವದ ಮಟ್ಟಿಗೆ ನಿರಾಧಾರವಾದುದು.

ಸ್ರಾವದ ಬಣ್ಣ, ವಾಸನೆ, ಪ್ರಮಾಣಗಳು ಬದಲಾದಾಗ ಎಚ್ಚರ ವಹಿಸಬೇಕು. ಒಡೆದ ಮೊಸರಿನಂಥ ಗಟ್ಟಿ ಸ್ರಾವ ಮತ್ತು ವಿಪರೀತ ತುರಿಕೆ ಇದ್ದರೆ ಅದು ಸಾಮಾನ್ಯವಾಗಿ ಶಿಲೀಂಧ್ರದ ಸೋಂಕು. ಬೂದುಬಣ್ಣದ ತೆಳುವಾದ, ಮೀನಿನ ವಾಸನೆಯ ಸ್ರಾವವು ಒಳಗಿನ ಹಿತಕಾರಿ ಜೀವಿಗಳು ಕುಗ್ಗಿ ಬೇರೆಯವು ಹೆಚ್ಚಿದುದರ ಗುರುತು. ಹಳದಿ ಅಥವಾ ಹಸಿರು ಛಾಯೆಯ ನೊರೆಯಂಥ ಸ್ರಾವ, ಕೂಡುವಾಗ ನೋವು, ಆನಂತರ ರಕ್ತ ಕಾಣುವುದು, ಕಿಬ್ಬೊಟ್ಟೆಯ ನೋವಿನೊಡನೆ ಜ್ವರ, ಜನನಾಂಗದ ಮೇಲೆ ಹುಣ್ಣು ಅಥವಾ ಗುಳ್ಳೆ, ತೊಡೆಸಂದಿನಲ್ಲಿ ಗಡ್ಡೆ, ಇವು ತಡಮಾಡದೆ ವೈದ್ಯರನ್ನು ಕಾಣಬೇಕಾದ ಲಕ್ಷಣಗಳು. ಉರಿಮೂತ್ರವೊಂದೇ ಇದ್ದರೆ ಅದು ಮೂತ್ರಮಾರ್ಗದ ಸೋಂಕಾಗಿರಬಹುದು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ, ರಾಣೆಬೆನ್ನೂರಿನ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಹೂ ಮುಟ್ಟಿಸುವ ಹೆಣ್ಣುಮಕ್ಕಳಿಗೆ ಹತ್ತಿರದಲ್ಲಿ ಶೌಚಾಲಯವಿಲ್ಲದೆ, ನೀರು ಕುಡಿಯದೆ, ಮೂತ್ರ ತಡೆದುಕೊಂಡು ದಿನವಿಡೀ ದುಡಿಯುವುದು ಅನಿವಾರ್ಯವಾಗಿರುತ್ತದೆ. ಅವರ ಉರಿಮೂತ್ರಕ್ಕೆ ಬೇರೆ ಅರ್ಥ ಹಚ್ಚುವುದು ತರವಲ್ಲ.

ಇನ್ನೊಂದು ಮುಖ್ಯ ಸಂಗತಿಯಿದೆ. ಗೊನೋರಿಯಾ, ಕ್ಲಮಿಡಿಯಾ ಮುಂತಾದ ಸೋಂಕುಗಳು ಹೆಣ್ಣಿನಲ್ಲಿ ಎಷ್ಟೋ ಬಾರಿ ಯಾವ ಲಕ್ಷಣವನ್ನೂ ತೋರದೆ ಗರ್ಭಕೋಶದ ಕಂಠದಲ್ಲಿ ಅಡಗಿರುತ್ತವೆ. ಅಲ್ಲಿಂದ ಮೇಲೇರಿ ಗರ್ಭನಾಳಗಳನ್ನು ಹಾಳುಮಾಡುತ್ತವೆ. ಬಂಜೆತನ, ನಾಳದಲ್ಲೇ ಗರ್ಭ ನಿಂತು ಪ್ರಾಣಾಪಾಯವಾಗುವುದು, ಮಾಸದ ಕಿಬ್ಬೊಟ್ಟೆನೋವು ಇವೆಲ್ಲ ಅದರ ಫಲಗಳು. ಮಕ್ಕಳಾಗಲಿಲ್ಲವೆಂದು ಸೊಸೆಯನ್ನು ಹಳಿಯುವ ಮನೆಯವರು, ಆ ಸೋಂಕು ಎಲ್ಲಿಂದ ಬಂತು, ಮಗನ ತಪಾಸಣೆ ಆಗಿದೆಯೇ ಎಂದು ಕೇಳಿಕೊಳ್ಳುವುದು ಅಪರೂಪ.

ಸೋಂಕು ಬರುವ ಮೂರು ದಾರಿಗಳು

ಜನನಮಾರ್ಗದ ಸೋಂಕುಗಳು ಮೂರು ಬಗೆಯಲ್ಲಿ ಬರುತ್ತವೆ. ಮೊದಲನೆಯದು, ದೇಹದಲ್ಲಿಯೇ ಇರುವ ಜೀವಿಗಳು ಮಿತಿಮೀರಿ ಬೆಳೆಯುವುದು. ಮಧುಮೇಹ, ಗರ್ಭಾವಸ್ಥೆ, ರೋಗನಿರೋಧಕ ಶಕ್ತಿಯ ಕುಂದು, ಪದೇಪದೇ ಪ್ರತಿಜೀವಕ ಔಷಧಗಳನ್ನು ನುಂಗುವುದು, ಸೋಪು, ಡೆಟ್ಟಾಲ್, ಪಟಿಕದ ನೀರುಗಳಿಂದ ಒಳಭಾಗವನ್ನು ತೊಳೆಯುವುದು ಇದಕ್ಕೆ ಕಾರಣ. ಎರಡನೆಯದು, ಶುಚಿಯಿಲ್ಲದ ಕೈ ಮತ್ತು ಸಲಕರಣೆಗಳಿಂದ ಬರುವುದು. ಅಸುರಕ್ಷಿತ ಹೆರಿಗೆ, ಅರ್ಹತೆಯಿಲ್ಲದವರಿಂದ ಮಾಡಿಸಿದ ಗರ್ಭಪಾತ, ಸೋಂಕಿದ್ದಾಗಲೇ ವಂಕಿ ಹಾಕಿಸಿಕೊಳ್ಳುವುದು ಈ ಸಾಲಿಗೆ ಸೇರುತ್ತವೆ. ಮೂರನೆಯದು, ಸೋಂಕಿರುವ ಸಂಗಾತಿಯ ಸಂಪರ್ಕದಿಂದ ಬರುವುದು.

ಈ ವಿಂಗಡಣೆಯನ್ನು ಮನೆಯವರೆಲ್ಲ ಅರಿತಿರಬೇಕು. ಬಿಳಿಸೆರಗೆಂದ ಕೂಡಲೇ ಹೆಂಡತಿಯ ಶೀಲವನ್ನು ಶಂಕಿಸುವ ಗಂಡಂದಿರಿದ್ದಾರೆ. ಗಂಡನನ್ನು ಶಂಕಿಸಿ ತವರು ಸೇರಿದ ಹೆಣ್ಣುಮಕ್ಕಳೂ ಇದ್ದಾರೆ. ಸ್ರಾವದ ತೊಂದರೆಗಳಲ್ಲಿ ಬಹುಪಾಲು ಮೊದಲನೆಯ ದಾರಿಯಿಂದ ಬಂದವು. ಕಾರಣ ಯಾವುದೆಂದು ಹೇಳಬೇಕಾದುದು ತಪಾಸಣೆ. ಅನುಮಾನ ಅದನ್ನು ಹೇಳಲಾರದು.

ಅಪಾಯಕರ ನಡವಳಿಕೆ ಯಾರದು?

ವೈದ್ಯಶಾಸ್ತ್ರದಲ್ಲಿ ‘ಅಪಾಯಕರ ಲೈಂಗಿಕ ನಡವಳಿಕೆ’ ಎಂಬ ಮಾತಿದೆ. ಒಬ್ಬರಿಗಿಂತ ಹೆಚ್ಚು ಸಂಗಾತಿಗಳೊಡನೆ ನಿರೋಧ್ ಇಲ್ಲದೆ ಕೂಡುವುದು, ಸಂಗಾತಿಗೆ ಹುಣ್ಣು ಅಥವಾ ಸ್ರಾವ ಇರುವಾಗಲೇ ಕೂಡುವುದು, ಕುಡಿದ ಅಮಲಿನಲ್ಲಿ ರಕ್ಷಣೆಯ ಎಚ್ಚರ ತಪ್ಪುವುದು, ಚಿಕಿತ್ಸೆ ಮುಗಿಯುವ ಮುನ್ನವೇ ಕೂಡುವುದು, ಇವು ಅದರ ಅರ್ಥದೊಳಗೆ ಬರುತ್ತವೆ. ಆದರೆ ಗಮನಿಸಬೇಕಾದುದೆಂದರೆ, ನಾವು ಕಂಡ ಸೋಂಕಿತ ತಾಯಂದಿರಲ್ಲಿ ಹೆಚ್ಚಿನವರು ಗಂಡನೊಬ್ಬನನ್ನು ಬಿಟ್ಟು ಬೇರೆಯವರನ್ನು ಅರಿತವರಲ್ಲ. ಅವರ ಅಪಾಯವು ಅವರ ನಡತೆಯಿಂದ ಬಂದುದಲ್ಲ. ಬೇಡವೆನ್ನಲಾಗದ ಅವರ ಸ್ಥಿತಿಯಿಂದ ಬಂದುದು.

ಮಳೆ ಕೈಕೊಟ್ಟ ವರ್ಷ ನಮ್ಮ ಭಾಗದ ಗಂಡಸರು ಗೋವಾ, ಮಂಗಳೂರು, ಬೆಂಗಳೂರುಗಳಿಗೆ ದುಡಿಯಲು ಹೋಗುತ್ತಾರೆ. ಹೆದ್ದಾರಿಯಲ್ಲಿ ಲಾರಿ ನಡೆಸುವವರು ವಾರಗಟ್ಟಲೆ ಮನೆಯಿಂದ ದೂರವಿರುತ್ತಾರೆ. ಅವರೆಲ್ಲರೂ ದಾರಿ ತಪ್ಪುತ್ತಾರೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವುದು ದುಡಿದು ಸಂಸಾರ ಸಾಕುವ ಸಾವಿರಾರು ಜನರಿಗೆ ಮಾಡುವ ಅಪಚಾರ. ಆದರೆ ತಪ್ಪಿದ ಒಬ್ಬನು ಸೋಂಕನ್ನು ಹಬ್ಬಕ್ಕೆ ಮನೆಗೆ ತಂದಾಗ ಹೆಂಡತಿಗೆ ಅದು ತಿಳಿಯುವ ದಾರಿಯಿಲ್ಲ, ತಿಳಿದರೂ ನಿರೋಧ್ ಬಳಸೆಂದು ಕೇಳುವ ಧೈರ್ಯವಿಲ್ಲ. “ನನ್ನ ಮ್ಯಾಲ ನಂಬಿಕಿ ಇಲ್ಲೇನು?” ಎಂಬ ಒಂದೇ ಮಾತಿಗೆ ಆಕೆ ಸುಮ್ಮನಾಗುತ್ತಾಳೆ. ಕುಡಿದು ಬಂದ ಗಂಡನ ಬಲವಂತಕ್ಕಂತೂ ಮಾತೇ ನಡೆಯುವುದಿಲ್ಲ. ವಯಸ್ಸು ತುಂಬುವ ಮುನ್ನವೇ ಮದುವೆಯಾದ ಹುಡುಗಿಯರ ಸ್ಥಿತಿ ಇನ್ನೂ ಕಷ್ಟದ್ದು. ಬಲಿಯದ ಗರ್ಭಕಂಠಕ್ಕೆ ಸೋಂಕು ಬೇಗ ತಗಲುತ್ತದೆ, ಮಾತನಾಡುವ ಬಲವೂ ಆ ವಯಸ್ಸಿಗಿರುವುದಿಲ್ಲ.

ಹೆಣ್ಣುಮಕ್ಕಳೇ ಬೇರೆ ಸಂಬಂಧದಲ್ಲಿರುವ ಪ್ರಸಂಗಗಳೂ ಇಲ್ಲವೆಂದಲ್ಲ. ವೈದ್ಯನ ಕೊಠಡಿಯು ತೀರ್ಪಿನ ಕಟ್ಟೆಯಲ್ಲ. ಅಂಥವರು ಭಯದಿಂದ ದೂರ ಉಳಿದಷ್ಟೂ ಸೋಂಕು ಹರಡುತ್ತದೆ. ಹತ್ತಿರ ಬಂದಷ್ಟೂ ಅದು ಕಡಿಮೆಯಾಗುತ್ತದೆ.

ಯಾವ ಸಾಧನ ಏನನ್ನು ತಡೆಯುತ್ತದೆ?

ಕುಟುಂಬ ಯೋಜನೆ ನಮ್ಮ ನಾಡಿಗೆ ಹೊಸದಲ್ಲ. ಅಂದಿನ ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತ್ತು. ಇಂದು ಸಾಧನಗಳು ಹಳ್ಳಿಹಳ್ಳಿಗೂ ಬಂದಿವೆ. ಆದರೆ ಗರ್ಭವನ್ನು ತಡೆಯುವುದೇ ಸೋಂಕನ್ನೂ ತಡೆಯುತ್ತದೆಂಬ ತಪ್ಪು ತಿಳಿವಳಿಕೆ ಇನ್ನೂ ಹೋಗಿಲ್ಲ. ಆದ್ದರಿಂದ ಒಂದೊಂದನ್ನಾಗಿ ನೋಡೋಣ.

ಹೆಣ್ಣುಮಕ್ಕಳ ಸಂತಾನಹರಣ ಶಸ್ತ್ರಚಿಕಿತ್ಸೆ: ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ವಿವಾಹಿತೆಯರಲ್ಲಿ ನೂರಕ್ಕೆ 57 ಮಂದಿ ಈ ಶಸ್ತ್ರಚಿಕಿತ್ಸೆಗೆ ಒಳಗಾದವರು. ಹೆಚ್ಚಿನವರು ಇಪ್ಪತ್ತೈದರ ಆಸುಪಾಸಿನಲ್ಲಿಯೇ ಮಾಡಿಸಿಕೊಂಡಿರುತ್ತಾರೆ. ಇದರಲ್ಲಿ ಅಂಡಾಣು ಸಾಗುವ ನಾಳಗಳನ್ನು ಮಾತ್ರ ಮುಚ್ಚಲಾಗುತ್ತದೆ. ಯೋನಿ, ಗರ್ಭಕಂಠಗಳು ಸೋಂಕಿಗೆ ಮೊದಲಿನಷ್ಟೇ ತೆರೆದಿರುತ್ತವೆ. ಆದರೆ ಶಸ್ತ್ರಚಿಕಿತ್ಸೆಯಾದ ಮೇಲೆ ನಿರೋಧ್ ಎಂಬ ಹೆಸರನ್ನೇ ಮನೆಯವರು ಮರೆಯುತ್ತಾರೆ. “ಆಪರೇಷನ್ ಆಗೈತಲ್ರೀ, ಇನ್ನ ಅದ್ಯಾಕ ಬೇಕು?” ಎಂಬುದು ನಾವು ಮತ್ತೆ ಮತ್ತೆ ಕೇಳುವ ಪ್ರಶ್ನೆ. ಇಪ್ಪತ್ತೈದರಿಂದ ಮುಂದಿನ ಇಪ್ಪತ್ತು ವರ್ಷಗಳ ದಾಂಪತ್ಯವು ಹೀಗೆ ಯಾವ ತಡೆಯೂ ಇಲ್ಲದೆ ಸಾಗುತ್ತದೆ. ಶಸ್ತ್ರಚಿಕಿತ್ಸೆಯಿಂದಲೇ ಬಿಳಿಸೆರಗು ಬಂತೆಂದು ದೂರುವವರೂ ಇದ್ದಾರೆ. ನಾಳ ಮುಚ್ಚುವುದರಿಂದ ಸ್ರಾವ ಹುಟ್ಟುವುದಿಲ್ಲ. ಮೊದಲೇ ಇದ್ದ ಅಥವಾ ಆಮೇಲೆ ತಗಲಿದ ಸೋಂಕನ್ನು ಹುಡುಕಬೇಕು.

ಗಂಡಸರ ಶಸ್ತ್ರಚಿಕಿತ್ಸೆ: ಚಾಕು ಬಳಸದೆ, ಹೊಲಿಗೆಯಿಲ್ಲದೆ ಕೆಲವೇ ನಿಮಿಷಗಳಲ್ಲಿ ಮುಗಿಯುವ ಸರಳ ವಿಧಾನವಿದು, ಶಕ್ತಿ ಕುಂದುವುದಿಲ್ಲ, ದುಡಿಮೆಗೆ ಅಡ್ಡಿಯಿಲ್ಲ. ಆದರೂ ಇದನ್ನು ಮಾಡಿಸಿಕೊಂಡವರು ನಮ್ಮ ರಾಜ್ಯದಲ್ಲಿ ನೂರಕ್ಕೆ ಒಬ್ಬರೂ ಸಿಗುವುದಿಲ್ಲ. ಮಾಡಿಸಿಕೊಂಡ ಮೇಲೆ ಮೂರು ತಿಂಗಳು, ವೀರ್ಯಪರೀಕ್ಷೆಯಲ್ಲಿ ಖಚಿತವಾಗುವವರೆಗೂ ಬೇರೆ ಸಾಧನ ಬಳಸಬೇಕು. ಇದೂ ಸೋಂಕನ್ನು ತಡೆಯದು.

ವಂಕಿ ಅಥವಾ ಕಾಪರ್-ಟಿ: ಇದರಲ್ಲಿ ಐದು ವರ್ಷ, ಹತ್ತು ವರ್ಷ ಕೆಲಸ ಮಾಡುವ ಬಗೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಸಾಧನ ಒಳ್ಳೆಯದು, ಹಾಕಿಸುವ ಸಮಯ ಮುಖ್ಯ. ಗರ್ಭಕಂಠದಲ್ಲಿ ಕೀವು, ಕಿಬ್ಬೊಟ್ಟೆಯಲ್ಲಿ ಸೋಂಕು ಇರುವಾಗ ಹಾಕಿಸಿದರೆ ರೋಗಾಣುಗಳನ್ನು ಗರ್ಭಕೋಶದೊಳಗೆ ನಾವೇ ತಳ್ಳಿದಂತಾಗುತ್ತದೆ. ಆದ್ದರಿಂದ ಮೊದಲು ತಪಾಸಣೆ, ಸೋಂಕಿದ್ದರೆ ಚಿಕಿತ್ಸೆ, ಆನಂತರ ವಂಕಿ. ಹಾಕಿಸಿದ ಮೊದಲ ಮೂರು ವಾರಗಳಲ್ಲಿ ಜ್ವರ, ಹೊಟ್ಟೆನೋವು, ದುರ್ವಾಸನೆಯ ಸ್ರಾವ ಕಂಡರೆ ಕೂಡಲೇ ತೋರಿಸಬೇಕು. ಹಾಕಿಸಿಕೊಂಡು ಬಹಳ ಕಾಲವಾದ ಮೇಲೆ ಸೋಂಕು ಬಂದರೆ ಸಾಮಾನ್ಯವಾಗಿ ವಂಕಿಯನ್ನು ಇಟ್ಟುಕೊಂಡೇ ಚಿಕಿತ್ಸೆ ಪಡೆಯಬಹುದು. ಹೆದರಿ ತೆಗೆಸಿ ಬೇಡದ ಗರ್ಭಕ್ಕೆ ದಾರಿ ಮಾಡಿಕೊಳ್ಳುವುದು ಬೇಡ.

ಗುಳಿಗೆ ಮತ್ತು ಚುಚ್ಚುಮದ್ದು: ದಿನವೂ ನುಂಗುವ ಮಾಲಾ-ಎನ್, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಔಷಧದ ಛಾಯಾ ಗುಳಿಗೆ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಇವೆಲ್ಲ ಗರ್ಭವನ್ನು ಮಾತ್ರ ತಡೆಯುತ್ತವೆ. ಛಾಯಾವನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡರಂತೆ, ಆನಂತರ ವಾರಕ್ಕೆ ಒಂದರಂತೆ ತೆಗೆದುಕೊಳ್ಳಬೇಕು. ಸಂಪರ್ಕವಾದ 72 ಗಂಟೆಗಳೊಳಗೆ ನುಂಗುವ ತುರ್ತು ಗುಳಿಗೆಯು ಹೆಸರೇ ಹೇಳುವಂತೆ ತುರ್ತಿಗೆ ಮಾತ್ರ. ಅದನ್ನು ನುಂಗಿದೆವೆಂದು ಸೋಂಕಿನ ಭಯ ಬಿಡುವುದು ಸಲ್ಲದು.

ನಿರೋಧ್: ಗರ್ಭವನ್ನೂ ಸೋಂಕನ್ನೂ ಒಟ್ಟಿಗೆ ತಡೆಯುವ ಸಾಧನ ಎಲ್ಲರ ಕೈಗೆಟಕುವಂತೆ ಇರುವುದು ಇದೊಂದೇ. ಎಚ್‌ಐವಿ, ಗೊನೋರಿಯಾ, ಕ್ಲಮಿಡಿಯಾಗಳಿಂದ ಇದು ಬಹುಮಟ್ಟಿಗೆ ಕಾಪಾಡುತ್ತದೆ. ಅದು ಮುಚ್ಚದ ಭಾಗದಲ್ಲಿರುವ ಹುಣ್ಣು, ಗುಳ್ಳೆಗಳಿಂದ ಪೂರ್ಣ ರಕ್ಷಣೆ ದೊರೆಯದು. ಪ್ರತಿಸಲವೂ ಹೊಸದನ್ನೇ ಬಳಸಬೇಕು, ಅವಧಿ ಮುಗಿದಿದೆಯೇ ಎಂದು ನೋಡಬೇಕು. ಇಲ್ಲಿ ಆಯುರ್ವೇದ ಚಿಕಿತ್ಸೆ ಪಡೆಯುವವರಿಗೆ ಒಂದು ವಿಶೇಷ ಸೂಚನೆಯಿದೆ. ಕೊಬ್ಬರಿ ಎಣ್ಣೆ, ತುಪ್ಪ, ಔಷಧೀಯ ತೈಲಗಳು ತಗಲಿದರೆ ನಿರೋಧ್‌ನ ರಬ್ಬರು ಕೆಲವೇ ನಿಮಿಷಗಳಲ್ಲಿ ದುರ್ಬಲವಾಗಿ ಹರಿಯುತ್ತದೆ. ಯೋನಿಪಿಚು ಅಂದರೆ ತೈಲದಲ್ಲಿ ಅದ್ದಿದ ಹತ್ತಿಯನ್ನು ಇರಿಸುವ ಚಿಕಿತ್ಸೆ ನಡೆಯುತ್ತಿರುವ ದಿನಗಳಲ್ಲಿ ದಂಪತಿಗಳು ಕೂಡದಿರುವುದೇ ಕ್ಷೇಮ.

ಈಗ ಸಾರಾಂಶ ಸ್ಪಷ್ಟವಾಗುತ್ತದೆ. ಸೋಂಕಿನ ಲಕ್ಷಣವಿರುವ ಹೆಣ್ಣಿಗೆ ನಿರೋಧ್‌ನ ಅಗತ್ಯ ಹೆಚ್ಚು. ಆದರೆ ಶಸ್ತ್ರಚಿಕಿತ್ಸೆಯಾಗಿದೆಯೆಂಬ ಕಾರಣಕ್ಕೆ ಅದು ದೂರವಾಗಿರುವುದು ಆಕೆಗೇ. ಗರ್ಭಕ್ಕೆ ಒಂದು ಸಾಧನ, ಸೋಂಕಿಗೆ ನಿರೋಧ್, ಹೀಗೆ ಎರಡು ರಕ್ಷಣೆಗಳನ್ನು ಒಟ್ಟಿಗೆ ಬಳಸುವುದು ಅಪನಂಬಿಕೆಯ ಗುರುತಲ್ಲ. ಬಣವೆಗೆ ಬೇಲಿಯನ್ನೂ ಹಾಕುತ್ತೇವೆ, ಮಳೆಗೆ ಮೇಲೆ ಹೊದಿಕೆಯನ್ನೂ ಹೊದಿಸುತ್ತೇವೆ. ಬೇಲಿ ಮಳೆಯನ್ನು ತಡೆಯದೆಂದು ಒಕ್ಕಲುತನ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗರ್ಭಕೋಶ ತೆಗೆಸುವ ಮುನ್ನ

ಸೋಂಕನ್ನು ವರ್ಷಗಟ್ಟಲೆ ಮುಚ್ಚಿಟ್ಟು, ಕಡೆಗೆ ಬೇಸತ್ತು, “ತೆಗೆದು ಬಿಡ್ರೀ ಸರ, ಪೀಡಾ ಹೋಗ್ಲಿ” ಎನ್ನುವವರನ್ನು ಕಂಡಾಗ ನಮಗೆ ಅತೀವ ಖೇದವಾಗುತ್ತದೆ. ಅಗತ್ಯವಿಲ್ಲದೆ ತಮ್ಮ ಗರ್ಭಕೋಶಗಳನ್ನು ತೆಗೆಯಲಾಯಿತೆಂದು ದೂರಿ ರಾಣೆಬೆನ್ನೂರು ತಾಲ್ಲೂಕಿನ ತಾಂಡಾ ಮತ್ತು ಹಳ್ಳಿಗಳ ನೂರಾರು ಮಹಿಳೆಯರು ಪರಿಹಾರ ಕೋರಿ ಬೀದಿಗಿಳಿದದ್ದು ಪತ್ರಿಕೆ ಓದುವವರಿಗೆಲ್ಲ ತಿಳಿದ ಸಂಗತಿ. ಕಲಬುರಗಿ ಜಿಲ್ಲೆಯಲ್ಲಿಯೂ ಇಂಥದೇ ದೂರುಗಳೆದ್ದಿದ್ದವು. ದೇಶದ ಹಲವೆಡೆಯ ಇಂಥ ಪ್ರಕರಣಗಳ ಹಿನ್ನೆಲೆಯಲ್ಲಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಯನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು.

ಬಿಳಿಸೆರಗು, ಸೊಂಟನೋವು ಇವು ತಮ್ಮಷ್ಟಕ್ಕೆ ಗರ್ಭಕೋಶ ತೆಗೆಸಲು ಕಾರಣಗಳಲ್ಲ. ಸ್ರಾವ ಹೆಚ್ಚಾಗಿ ಹುಟ್ಟುವುದು ಯೋನಿ ಮತ್ತು ಗರ್ಭಕಂಠದಲ್ಲಿ. ಗರ್ಭಕೋಶ ತೆಗೆದ ಮೇಲೂ ಯೋನಿಯ ಸೋಂಕು ಬರಬಲ್ಲದು, ಗಂಡನ ಸೋಂಕು ತಗಲಬಲ್ಲದು. ಮುಟ್ಟು ನಿಲ್ಲುವ ವಯಸ್ಸಿಗೆ ಮುನ್ನವೇ ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರೆ ಎಲುಬು ಸವೆಯುವುದು, ಮೈಯುರಿ, ನಿದ್ರಾನಾಶ, ಹೃದಯದ ತೊಂದರೆಗಳು ಬೇಗ ಬೆನ್ನುಹತ್ತುತ್ತವೆ. ಕೂಲಿಯಿಂದಲೇ ಬದುಕುವ ಮೂವತ್ತರ ಹೆಣ್ಣುಮಗಳಿಗೆ ಇದು ಎಂಥ ನಷ್ಟ! “ಹಾಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ” ಎಂದು ಯಾರಾದರೂ ಹೆದರಿಸಿದರೆ, ಯಾವ ಪರೀಕ್ಷೆಯಿಂದ ಅದು ತಿಳಿಯಿತೆಂದು ಕೇಳಿರಿ. ಗರ್ಭಕಂಠದ ಕ್ಯಾನ್ಸರನ್ನು ಮೊದಲೇ ಗುರುತಿಸುವ ಸರಳ ಪರೀಕ್ಷೆಗಳಿವೆ. ಮೂವತ್ತು ದಾಟಿದ ಪ್ರತಿ ಮಹಿಳೆಯೂ ಅದನ್ನು ಮಾಡಿಸಿಕೊಳ್ಳಬೇಕು. ಶಸ್ತ್ರಚಿಕಿತ್ಸೆ ಬೇಕೆಂದು ಹೇಳಿದಲ್ಲಿ ಕಾರಣವನ್ನು ಬರಹದಲ್ಲಿ ಪಡೆದು, ಬೇರೆ ತಜ್ಞರೊಬ್ಬರ ಅಭಿಪ್ರಾಯವನ್ನೂ ಕೇಳಿಯೇ ನಿರ್ಧರಿಸಬೇಕು. ನಿಜವಾಗಿ ತೆಗೆಯಲೇಬೇಕಾದ ಸಂದರ್ಭಗಳೂ ಇವೆ. ಅಲ್ಲಿ ಭಯಪಟ್ಟು ತಡಮಾಡುವುದೂ ತಪ್ಪು.

ಆಯುರ್ವೇದದ ನೆರವು ಮತ್ತು ಅದರ ಎಲ್ಲೆ

ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 30ನೆಯ ಅಧ್ಯಾಯದಲ್ಲಿ ಇಪ್ಪತ್ತು ಯೋನಿವ್ಯಾಪತ್ತುಗಳ ವಿವರವಿದೆ. ಅವುಗಳಿಗೆ ಹೇಳಿದ ಕಾರಣಗಳಲ್ಲಿ ಮಿಥ್ಯಾಚಾರ, ಅಂದರೆ ಆಹಾರವಿಹಾರಗಳ ತಪ್ಪು ನಡೆಯೂ ಒಂದು. ಹದಿನಾರನೆಯ ಶತಮಾನದ ಭಾವಪ್ರಕಾಶವು ಸಂಪರ್ಕದಿಂದ ಬರುವ ಫಿರಂಗರೋಗವನ್ನು ವರ್ಣಿಸಿದೆ. ಹಿರಿಯರು ಈ ವಿಷಯವನ್ನು ಸಂಕೋಚವಿಲ್ಲದೆ ಬರೆದರೆಂಬುದಕ್ಕೆ ಇವೇ ಸಾಕ್ಷಿ.

ಅಶೋಕ, ಲೋಧ್ರಗಳ ಯೋಗಗಳು, ಅಕ್ಕಿ ತೊಳೆದ ನೀರಿನೊಡನೆ ಕೊಡುವ ಪುಷ್ಯಾನುಗ ಚೂರ್ಣ, ತ್ರಿಫಲಾ ಕಷಾಯದಿಂದ ಹೊರಭಾಗದ ಪ್ರಕ್ಷಾಲನ ಇವು ಸೌಮ್ಯ ತೊಂದರೆಗಳಲ್ಲಿ, ಬಲವರ್ಧನೆಯಲ್ಲಿ ನೆರವಾಗುತ್ತವೆ. ಆದರೆ ಗೊನೋರಿಯಾ, ಕ್ಲಮಿಡಿಯಾ, ಸಿಫಿಲಿಸ್‌ಗಳಿಗೆ ಆಧುನಿಕ ಪ್ರತಿಜೀವಕ ಔಷಧಗಳೇ ಬೇಕು. ಸಿಫಿಲಿಸ್‌ಗೆ ಪೆನಿಸಿಲಿನ್ ಚುಚ್ಚುಮದ್ದು ಇಂದಿಗೂ ಶ್ರೇಷ್ಠ. ಆಯುರ್ವೇದವನ್ನೇ ಓದಿ, ಅದನ್ನೇ ನಂಬಿ ಬದುಕಿದ ನಾವು ಇದನ್ನು ಹೇಳಲು ಹಿಂಜರಿಯುವುದಿಲ್ಲ. ಕಷಾಯ ಕುಡಿಯುತ್ತ ತಿಂಗಳು ಕಳೆದರೆ ಸೋಂಕು ಗರ್ಭನಾಳ ತಲುಪಿರುತ್ತದೆ. ಒಳಭಾಗದ ಪ್ರಕ್ಷಾಲನವನ್ನು ವೈದ್ಯರ ಸೂಚನೆಯಿಲ್ಲದೆ ಮಾಡಬಾರದು, ಗರ್ಭಿಣಿಯರಂತೂ ಮಾಡಲೇಬಾರದು. ದಿನನಿತ್ಯದ ಶುಚಿಗೆ ಹೊರಭಾಗಕ್ಕೆ ತಿಳಿನೀರು ಸಾಕು.

ಎಲ್ಲಿಗೆ ಹೋಗಬೇಕು, ಏನು ಮಾಡಬೇಕು?

ಮೊದಲ ಮೆಟ್ಟಿಲು ನಿಮ್ಮ ಓಣಿಯ ಆಶಾ ಕಾರ್ಯಕರ್ತೆ. ನಿರೋಧ್, ಗುಳಿಗೆಗಳನ್ನು ಆಕೆಯಲ್ಲಿಯೇ ಪಡೆಯಬಹುದು. ಮುಂದೆ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಹಾವೇರಿಯ ಜಿಲ್ಲಾಸ್ಪತ್ರೆ. ಲೈಂಗಿಕ ಸೋಂಕುಗಳ ಚಿಕಿತ್ಸೆಗೆಂದೇ ಸರ್ಕಾರವು ‘ಸುರಕ್ಷಾ ಕ್ಲಿನಿಕ್’ಗಳನ್ನು ನಡೆಸುತ್ತದೆ. ಲಕ್ಷಣಕ್ಕೆ ತಕ್ಕಂತೆ ಬಣ್ಣದ ಔಷಧ ಪೊಟ್ಟಣಗಳನ್ನು ಅಲ್ಲಿ ಉಚಿತವಾಗಿ ಕೊಡುತ್ತಾರೆ. ಯೋನಿಸ್ರಾವಕ್ಕೆ ಹಸಿರು, ಗರ್ಭಕಂಠದ ಸ್ರಾವಕ್ಕೆ ಬೂದು, ಕಿಬ್ಬೊಟ್ಟೆಯ ನೋವಿಗೆ ಹಳದಿ ಬಣ್ಣದ್ದು. ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಮಾಲೋಚನೆಯೂ ಉಚಿತ. ಪರೀಕ್ಷೆಯ ಫಲವನ್ನು ಗುಟ್ಟಾಗಿಡಬೇಕೆಂದು 2017ರ ಕಾನೂನು ವಿಧಿಸಿದೆ. ಮನೆಯಿಂದಲೇ ವಿಚಾರಿಸಬಯಸುವವರಿಗೆ 1097 ಸಂಖ್ಯೆಯ ಉಚಿತ ಸಹಾಯವಾಣಿಯಿದೆ.

ಚಿಕಿತ್ಸೆಯಲ್ಲಿ ನಾಲ್ಕು ನಿಯಮಗಳನ್ನು ಮರೆಯಬಾರದು. ಲಕ್ಷಣ ಕಡಿಮೆಯಾದರೂ ಔಷಧವನ್ನು ಪೂರ್ತಿ ಮುಗಿಸಬೇಕು. ಸಂಪರ್ಕದಿಂದ ಬಂದ ಸೋಂಕೆಂದು ವೈದ್ಯರು ಹೇಳಿದರೆ ಗಂಡಹೆಂಡಿರಿಬ್ಬರೂ ಏಕಕಾಲಕ್ಕೆ ಚಿಕಿತ್ಸೆ ಪಡೆಯಬೇಕು. ಒಬ್ಬರೇ ಪಡೆದರೆ ಸೋಂಕು ಇನ್ನೊಬ್ಬರಲ್ಲಿ ಉಳಿದು ಮರಳಿ ಬರುತ್ತದೆ. ಇಬ್ಬರ ಚಿಕಿತ್ಸೆಯೂ ಮುಗಿದು ಒಂದು ವಾರವಾಗುವವರೆಗೆ ಕೂಡಬಾರದು, ಔಷಧದ ದಿನಗಳಲ್ಲಿ ಮದ್ಯ ಮುಟ್ಟಬಾರದು. ತುರಿಕೆಯ ಸೋಂಕು ಪದೇಪದೇ ಮರುಕಳಿಸಿದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು.

ಬೇಡದ ಗರ್ಭ ನಿಂತಾಗ ಔಷಧದಂಗಡಿಯಿಂದ ಗುಟ್ಟಾಗಿ ಗುಳಿಗೆ ತಂದು ನುಂಗುವುದು ಅತ್ಯಂತ ಅಪಾಯಕರ. ಅಪೂರ್ಣ ಗರ್ಭಪಾತ, ರಕ್ತಸ್ರಾವ, ಸೋಂಕುಗಳಿಂದ ಪ್ರಾಣಕ್ಕೇ ಎರವಾಗಬಹುದು. ಕಾನೂನು ಮಾನ್ಯಮಾಡಿದ ಆಸ್ಪತ್ರೆಯಲ್ಲಿ, ಹೆಸರು ಹೊರಬೀಳದಂತೆ ಸುರಕ್ಷಿತ ಸೇವೆ ಪಡೆಯುವ ಹಕ್ಕು ಹೆಣ್ಣಿಗಿದೆ. ಗರ್ಭಿಣಿಯರು ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆಯನ್ನು ತಪ್ಪಿಸಬಾರದು. ಸಕಾಲದ ಚಿಕಿತ್ಸೆಯಿಂದ ಕೂಸನ್ನು ಕಾಪಾಡಬಹುದು.

ಮನೆಯ ಹಿರಿಯರಲ್ಲಿ ನಮ್ಮದೊಂದು ಅರಿಕೆ. ಅತ್ತೆಯಾದವರು ಸೊಸೆಯನ್ನು “ಆರಾಮ ಅದಿಯೇನವ್ವಾ?” ಎಂದು ಕೇಳುವಾಗ ಈ ತೊಂದರೆಯ ಬಗೆಗೂ ಒಮ್ಮೆ ಕೇಳಿರಿ, ನೀವೂ ಅದನ್ನು ಅನುಭವಿಸಿ ಮುಚ್ಚಿಟ್ಟವರೇ ಆಗಿರಬಹುದು. ಗಂಡಸರು ಹೆಂಡತಿಯನ್ನು ದವಾಖಾನೆಗೆ ಕಳುಹಿಸಿ ಕೈತೊಳೆದುಕೊಳ್ಳದೆ ತಾವೂ ಜೊತೆಗೆ ಹೋಗಿ ವೈದ್ಯರ ಮುಂದೆ ಕುಳಿತುಕೊಳ್ಳಿರಿ, ಪರೀಕ್ಷೆ ಹೇಳಿದರೆ ಮಾಡಿಸಿಕೊಳ್ಳಿರಿ. ಊರಿಂದೂರಿಗೆ ದುಡಿಯಲು ಹೋಗುವವರು ಮರಳಿದ ಮೇಲೆ ಅನುಮಾನವಿದ್ದರೆ ಮನೆಗೆ ಮುನ್ನ ಆಸ್ಪತ್ರೆಯ ಬಾಗಿಲು ತಟ್ಟಿರಿ. ಕಾಯಕವೇ ಕೈಲಾಸವೆಂದು ನಂಬಿದವರು ನಾವು. ಹಗಲೆಲ್ಲ ಹೊಲದಲ್ಲಿ, ಪೇಟೆಯಲ್ಲಿ, ಒಲೆಯ ಮುಂದೆ ಕಾಯಕ ಮಾಡುವ ಹೆಣ್ಣಿನ ಕಾಯವನ್ನು ಕಾಪಾಡುವುದು ಆ ನಂಬಿಕೆಗೆ ಸೇರಿದ್ದೇ ಆಗಿದೆ. ಬಿಳಿಸೆರಗಿನ ತೊಂದರೆಯಿರುವ ತಾಯಂದಿರು ಈ ಸಂಚಿಕೆಯನ್ನು ಮಡಿಚಿಡುವ ಮುನ್ನ ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕಾಣುವ ದಿನವನ್ನು ನಿಶ್ಚಯಿಸಿಕೊಳ್ಳಬೇಕೆಂದು ಕೋರುತ್ತೇವೆ.